ಇಳಿಸಿದವನ ತಾಯಿ

ಹಿಂದಿನ ಚಕ್ರದ ಮೇಲಿನ ಸೀಟು ಖಾಲಿ ಇತ್ತು. ಭವ್ಯ ಅದನ್ನು ದಾಟಿ ಮುಂದೆ ಹೋದಳು. ಅವಳ ಹಿಂದೆ ಅತ್ತೆ ಶಿವರತ್ನಮ್ಮ ಒಂದು ಕಂಬಿ ಬಿಟ್ಟು ಇನ್ನೊಂದು ಕಂಬಿ ಹಿಡಿಯುತ್ತ, ತಾವೇ ತುಂಬಿದ ಕೊಡವಾದಂತೆ, ತುಳುಕದ ಹಾಗೆ ನಡೆದು ಬಂದರು. ಎರಡು ಚಕ್ರಗಳ ನಡುವಿನ ಜಾಗದಲ್ಲಿ ಕುಲುಕು ಕಡಿಮೆ ಎಂದು ಬಸವೇಶ ಹೇಳುತ್ತಿದ್ದ. ವಿಮಾನದಲ್ಲೂ ಅಷ್ಟೆ, ರೆಕ್ಕೆಯ ಹತ್ತಿರ ಕೂತವರಿಗೆ ನೆಲ ಮೆತ್ತಗೆ ಸಿಗುತ್ತದೆ, ಬಾಲದಲ್ಲಿ ಕೂತವರಿಗೆ ಗಟ್ಟಿಯಾಗಿ. ಅದನ್ನು ಅವನು ಹೇಳಿದ್ದು ಎಲ್ಲ ಆದಮೇಲೆ. ಆವತ್ತು ಬಾಲದ ಸೀಟು ಆರಿಸಿದವಳು ಭವ್ಯಳೇ. ರೆಕ್ಕೆ ಅಡ್ಡ ಬಂದರೆ ಅತ್ತೆಗೆ ಸಮುದ್ರ ಕಾಣಿಸುವುದಿಲ್ಲ ಅಂದುಕೊಂಡಿದ್ದಳು. ಅತ್ತೆ ಕಿಟಕಿಯ ಪಕ್ಕ ಕೂತು, ಸೊಂಟದ ಬೆಲ್ಟನ್ನು ಸೀರೆಯ ಮೇಲಿಂದಲೇ ಒತ್ತಿ ಸರಿಮಾಡಿಕೊಂಡು ಉಸಿರು ಬಿಟ್ಟರು. ಬಸ್ಸು ಯಳಂದೂರು ಬಿಟ್ಟಿತು. ಇವತ್ತು ಒಂದು ಹೆಸರು ಹೇಳಬೇಕಾಗಿತ್ತು. ಇವತ್ತಿನ ಕೆಲಸ ಅದೊಂದೇ. ಕೌದಳ್ಳಿಯ ಆಚೆ ಒಂದು ಕಲ್ಲಿದೆಯಂತೆ. ಯಾರಿಗಾದರೂ ಶಾಪ ಹಾಕಿ ಆಮೇಲೆ ನೊಂದವರು ಅಲ್ಲಿಗೆ ಹೋಗಿ, ಬಾಯಿ ಮುಕ್ಕಳಿಸಿ, ಕಲ್ಲಿನ ಮೇಲೆ ಕೈಯಿಟ್ಟು, ಅಂದ ಮಾತನ್ನು ವಾಪಸು ತೆಗೆದುಕೊಳ್ಳುತ್ತಾರೆ. ಅದಕ್ಕೆ ಹೆಸರು ಬೇಕು. ಹೆಸರಿಲ್ಲದೆ ತೆಗೆದ ಮಾತು ದಾರಿ ತಪ್ಪುತ್ತದೆ. ಅತ್ತೆಗೆ ಹೆಸರು ಗೊತ್ತಿಲ್ಲ. ಭವ್ಯಳಿಗೆ ಗೊತ್ತು.

"ಆಧಾರ್ ತೋರ್ಸಿ ಅಮ್ಮಾ." ಕಂಡಕ್ಟರು ಭವ್ಯಳ ಕಾರ್ಡನ್ನು ಬೆಳಕಿಗೆ ಹಿಡಿದ. ಅವನು ನೋಡುತ್ತಿದ್ದದ್ದು ಊರಿನ ಹೆಸರನ್ನಷ್ಟೇ ಇರಬೇಕು. ಆದರೆ ಅವಳಿಗೆ ಅದರಲ್ಲಿ ಕಂಡದ್ದು ಬಸವೇಶನ ಪತ್ನಿ ಎನ್ನುವ ಸಾಲು. ಹೆಂಗಸರಿಗೆ ಕೊಡುವ ಸೊನ್ನೆ ದರದ ಎರಡು ಟಿಕೇಟು ಹರಿದುಕೊಟ್ಟು ಅವನು ಅತ್ತೆಯ ಕಡೆ ಬಗ್ಗಿದ. "ಬೆನ್ನಿಗೇನವ್ವಾ ಬೆಲ್ಟು? ಜಾರಿಬುದ್ರಾ?"

"ಇಮಾನ ಕುಕ್ಬುಡ್ತು ಕಣಪ್ಪ."

ಮುಂದಿನ ಸೀಟಿನಲ್ಲಿ ಮಡಿಲ ತುಂಬ ಸೊಪ್ಪಿನ ಚೀಲ ಇಟ್ಟುಕೊಂಡಿದ್ದ ಹೆಂಗಸು ಪೂರ್ತಿ ತಿರುಗಿದಳು. "ಇಮಾನವಾ? ಆಕಾಸದ್ದಾ?"

"ಊಂ ಕಣವ್ವ. ನನ್ ಮಗ ಇಮಾನದ ಡ್ರೈವರು. ಅಲ್ಲಿ ಇಬ್ರಿರ್ತಾರೆ, ದೊಡ್ಡೋನೊಬ್ಬ ಚಿಕ್ಕೋನೊಬ್ಬ. ನನ್ ಮಗ ಚಿಕ್ಕೋನು. ಸಮುದ್ರ ತೋರುಸ್ತೀನಿ ಬಾರವ್ವ ಅಂತ ಕೂರುಸ್ಕಂಡೋದ. ಆ ದೊಡ್ಡೋನು ಎತ್ತಿ ಕುಕ್ಬುಟ್ಟ. ನನ್ ಮಗ ಇಳಿಸಿದ್ರೆ ಲಿಂಗದ ಮ್ಯಾಲೆ ಹೂ ಇಟ್ಟಂಗೆ ಇಳಿಸ್ತಿದ್ದ."

"ಇಬ್ರು ಡ್ರೈವರ್ಗಳಾ!" ಕಂಡಕ್ಟರು ನಕ್ಕ. "ನಮಗೆ ಒಬ್ಬನೇ ಸಿಗದಿಲ್ಲ. ಅಣ್ಣೋ, ಕೇಳಿಸ್ತಾ? ನಿಂಗೊಬ್ಬ ಚಿಕ್ಕೋನು ಬೇಕಂತೆ!"

ಮುಂದಿನಿಂದ ಡ್ರೈವರು, "ಮೊದ್ಲು ರೋಡಿನ ಹಂಪ್‌ಗೆ ಬಣ್ಣ ಬಳಿಯಕ್ಕೇಳು, ಆಮೇಲೆ ಚಿಕ್ಕೋನು" ಅಂದ. ಬಸ್ಸಿನ ಅರ್ಧ ನಕ್ಕಿತು. ಅತ್ತೆಯೂ ನಕ್ಕರು. ಸೊಪ್ಪಿನ ಹೆಂಗಸು ನಗು ಮುಗಿಸದೆಯೇ, "ಈಗೆಲ್ಲವ್ನೆ ನಿಮ್ಮಗ?" ಅಂದಳು. ಅತ್ತೆ ಕಿಟಕಿಯ ಕಡೆ ತಿರುಗಿದರು. ಹೆಂಗಸಿನ ಕಣ್ಣು ಸೀದಾ ಭವ್ಯಳ ಹಣೆಗೆ ಬಂತು, ಅಲ್ಲಿಂದ ಕೊರಳಿಗೆ, ಕೈಗೆ. ಹುಡುಕುತ್ತಿದ್ದದ್ದು ಸಿಗದಿದ್ದಾಗ ತಾನೇ ಉತ್ತರ ತಿಳಿದುಕೊಂಡು, ಸೊಪ್ಪಿನ ಚೀಲವನ್ನು ಎದೆಗೆ ಎಳೆದುಕೊಂಡು ಮುಂದಕ್ಕೆ ತಿರುಗಿತು ಆ ಮುಖ. ಭವ್ಯಳಿಗೆ ಏನೂ ಅನ್ನಿಸಲಿಲ್ಲ. ಈಚೆಗೆ ಇಂಥದ್ದೆಲ್ಲ ನೆನೆದ ಬಟ್ಟೆಯ ಮೇಲೆ ನೀರು ಬಿದ್ದಂತೆ, ಬಿದ್ದದ್ದೂ ತಿಳಿಯುವುದಿಲ್ಲ.

ಇಳಿಸಿದವನು ಬಸವೇಶ. ದೊಡ್ಡವನು, ಎಂದರೆ ಕ್ಯಾಪ್ಟನ್ ರಂಗನಾಯಕ, ಪಕ್ಕದಲ್ಲಿ ಕೂತು ವೇಗ, ಎತ್ತರ ಓದಿ ಹೇಳುತ್ತಿದ್ದ. ಆ ಸರದಿ ಬಸವೇಶನದು. ಹಾಗೆ ಸರದಿಯ ಮೇಲೆ ಇಳಿಸುತ್ತಾರೆ ಎನ್ನುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಕೂದಲು ನರೆತವನ ಕೈಯಲ್ಲೇ ವಿಮಾನ ಇರುತ್ತದೆ ಎಂದುಕೊಳ್ಳುತ್ತಾರೆ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅವನು ಅಂಗೈಯನ್ನು ಚಪ್ಪಟೆ ಹಿಡಿದು ತೋರಿಸಿದ್ದ. ನೆಲ ಇನ್ನೇನು ಬಂತು ಅನ್ನುವಾಗ ಮೂತಿಯನ್ನು ಇಷ್ಟೇ ಇಷ್ಟು ಎತ್ತಬೇಕು. ಬೇಗ ಎತ್ತಿದರೆ ವಿಮಾನ ತೇಲುತ್ತ ಹೋಗುತ್ತದೆ, ದಾರಿ ಮುಗಿದುಬಿಡುತ್ತದೆ. ತಡವಾದರೆ ಕುಕ್ಕುತ್ತದೆ. ಆ ಎರಡರ ನಡುವೆ ಇರುವುದು ಒಂದು ಉಸಿರು. ಎದುರುಗಾಳಿ ಹಿಡಿದು ನಿಲ್ಲಿಸಿರುತ್ತದೆ, ಅದು ತಟ್ಟನೆ ಕೈಬಿಟ್ಟರೆ ಕೆಳಗೆ ಏನೂ ಇಲ್ಲ. ಆವತ್ತು ಗಾಳಿ ಕೈಬಿಟ್ಟಿತು. ಹಾಗೆ ಹೇಳಿ ಅವನು ಅಂಗೈಯನ್ನು ತೊಡೆಯ ಮೇಲೆ ಬೀಳಿಸಿದ್ದ. ಸದ್ದಾಗಲಿಲ್ಲ. ಮೆತ್ತಗೆ ಇಳಿಸಿದ್ದೆಲ್ಲ ಒಳ್ಳೆಯದಲ್ಲ ಭವ್ಯಾ, ಮಳೆಯಲ್ಲಿ ನೆನೆದ ರನ್‌ವೇ ಮೇಲೆ ಬೇಕಂತಲೇ ಗಟ್ಟಿಯಾಗಿ ಊರುತ್ತೇವೆ, ಜನ ಬಯ್ಯುತ್ತಾರೆ, ಬಯ್ಯಲಿ. ಆದರೆ ಇದು ಅದಲ್ಲ. ಇದು ನನ್ನದು.

ಇನ್ನೊಂದು ಮಾತು ಹೇಳಿದ್ದ. ಅದನ್ನು ಆಮೇಲೆ ಕಂಪನಿಯವರು ನಡೆಸಿದ ವಿಚಾರಣೆಯಲ್ಲಿ ಹೇಳಲಿಲ್ಲ, ಅವಳಿಗೆ ಮಾತ್ರ ಹೇಳಿದ. ಸರಿಬರುತ್ತಿಲ್ಲ ಅನ್ನಿಸಿದರೆ ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರಬಹುದು. ಇಬ್ಬರಲ್ಲಿ ಯಾರಾದರೂ ಗೋ ಅರೌಂಡ್ ಅಂದರೆ ಸಾಕು, ಯಾಕೆ ಎಂದು ಯಾರೂ ಕೇಳುವಂತಿಲ್ಲ. ಅವನಿಗೆ ಅನ್ನಿಸಿತ್ತು. ಮಾತು ಬಾಯಿಗೆ ಬಂದಿತ್ತು. ಆಗ ಅವನಿಗೆ ಹಿಂದೆ ಕೂತ ಅವ್ವ ನೆನಪಾದಳು. ಮೊದಲ ಸಲ ಹತ್ತಿದ್ದಾಳೆ, ನೆಲದ ತನಕ ಬಂದ ವಿಮಾನ ಕಿರುಚಿಕೊಂಡು ಮತ್ತೆ ಮೇಲೆದ್ದರೆ ಎದೆ ಒಡೆದುಕೊಳ್ಳುತ್ತಾಳೆ. ಇಳಿಸಿಬಿಡೋಣ ಅಂದುಕೊಂಡ. ಅಷ್ಟೆ. ಭವ್ಯ ಆಮೇಲೆ ಎಷ್ಟೋ ಓದಿದಳು. ವಿಮಾನ ಗಟ್ಟಿಯಾಗಿ ಇಳಿಯುವುದಕ್ಕೆ ಕಾರಣಗಳು ಬಹಳ. ದಿಕ್ಕು ಬದಲಿಸುವ ಗಾಳಿ, ಎತ್ತರದಿಂದ ಕಡಿದಾಗಿ ಬರುವುದು, ದಣಿವು, ಇಳಿಜಾರಿನ ರನ್‌ವೇ ಕಣ್ಣಿಗೆ ಮಾಡುವ ಮೋಸ, ಎತ್ತಬೇಕಾದಲ್ಲಿ ಎತ್ತದ ಕೈ. ಅವ್ವನ ಹೆದರಿಕೆ ಎಂಬ ಕಾರಣ ಎಲ್ಲೂ ಇರಲಿಲ್ಲ.

ಕುಂತೂರು ಬಂತು. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ನಿಂತಿದ್ದವು, ಗಾಳಿಯಲ್ಲಿ ಕಾಕಂಬಿಯ ಸಿಹಿ ಕೊಳೆತ ವಾಸನೆ. ಬಸ್ಸು ಒಂದು ಟ್ರೇಲರಿನ ಹಿಂದೆ ಆಮೆಯಂತೆ ನಡೆಯತೊಡಗಿತು. ಟ್ರೇಲರಿನ ಹೊರಗೆ ಚಾಚಿದ ಕಬ್ಬಿನ ತುದಿಗಳು ಗಾಜಿನ ಮುಂದೆ ಏಳುತ್ತ ಇಳಿಯುತ್ತ ಇದ್ದವು. ವಿಚಾರಣೆ ಮುಗಿಯುವ ತನಕ ಹಾರಬೇಡ ಎಂದಿದ್ದರಿಂದ ಬಸವೇಶ ಊರಿಗೆ ಬಂದಿದ್ದ. ಬೆಳಗ್ಗೆ ಅವ್ವನ ಬೆನ್ನಿಗೆ ಶಾಖ ಕೊಡುವುದು, ಮಧ್ಯಾಹ್ನ ಸುಮ್ಮನೆ ಕೂರುವುದು, ಸಂಜೆ ಬೈಕು. ಆ ಸಂಜೆ ಇದೇ ದಾರಿಯಲ್ಲಿ ದೀಪವಿಲ್ಲದ ಟ್ರೇಲರು, ಮಬ್ಬುಗತ್ತಲು. ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡುವುದೇ ಕೆಲಸವಾಗಿದ್ದವನು. ಭವ್ಯ ಅತ್ತೆಯ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿದ್ದರು. ನಿದ್ದೆಯೋ, ಗೊತ್ತಿದ್ದು ಮುಚ್ಚಿದ್ದೋ.

ಮಾರನೆಯ ದಿನ ಅಂಗಳದಲ್ಲಿ ಯಾರೋ ಕೂಗಿದ್ದರು: "ಇಮಾನ ಕಟ್ರಪ್ಪಾ, ಒತ್ತಾಯ್ತದೆ." ಭವ್ಯ ತಲೆಯೆತ್ತಿ ಆಕಾಶ ನೋಡಿದ್ದಳು. ಮೈಸೂರಿನಲ್ಲಿ ಭಾಷಾಶಾಸ್ತ್ರ ಓದಿದವಳು, ಒಂದು ಪದಕ್ಕೆ ಎರಡು ಅರ್ಥ ಇರುವುದರ ಬಗ್ಗೆ ಪುಟಗಟ್ಟಲೆ ಬರೆದವಳು, ಆಕಾಶ ನೋಡಿದಳು. ಅವರು ಕಟ್ಟುತ್ತಿದ್ದದ್ದು ಬಿದಿರಿನ ವಿಮಾನ, ಹೆಣವನ್ನು ಕೂರಿಸಿ ಹೊತ್ತೊಯ್ಯುವುದು. ಬಾಳೆಕಂದು, ಚೆಂಡುಹೂ, ಬಣ್ಣದ ಕಾಗದ. ಅದರಲ್ಲಿ ಬಸವೇಶನನ್ನು ಕೂರಿಸಿ ಬೆನ್ನಿಗೆ ಹಲಗೆ ಕೊಟ್ಟು ಕಟ್ಟಿದರು, ಬೆಲ್ಟು ಹಾಕಿದ ಹಾಗೆ. ತೋಟದ ಬದಿಯ ಗುಣಿಯ ಹತ್ತಿರ ನಾಲ್ಕು ಜನ ಅದನ್ನು ಹೆಗಲಿನಿಂದ ಇಳಿಸುವಾಗ ಒಬ್ಬ ಮುದುಕ, "ಮೆಲ್ಲಕ್ಕೆ, ಮೆಲ್ಲಕ್ಕೆ ಕಣ್ರಲಾ, ಕುಕ್ಬೇಡಿ" ಅನ್ನುತ್ತಲೇ ಇದ್ದ. ಅವರು ಕುಕ್ಕಲಿಲ್ಲ. ಮಣ್ಣಿಗೆ ತಗುಲಿದ್ದೇ ತಿಳಿಯದ ಹಾಗೆ ಇಳಿಸಿದರು. ಇದನ್ನು ಅವನಿಗೆ ಹೇಳಬೇಕು ಅನ್ನಿಸಿತ್ತು ಅವಳಿಗೆ, ಸಂಜೆ ಮನೆಗೆ ಬಂದಾಗ.

ಕೊಳ್ಳೇಗಾಲದ ನಿಲ್ದಾಣದಲ್ಲಿ ಹನೂರಿನ ಬಸ್ಸಿಗೆ ಕಾಯಬೇಕಾಯಿತು. ಅತ್ತೆ ಕಲ್ಲುಬೆಂಚಿನ ಮೇಲೆ ಕೂರಲಾರದೆ ಕಂಬಕ್ಕೆ ಒರಗಿ ನಿಂತರು. ಭವ್ಯಳ ಫೋನು ನಡುಗಿತು. ಪಿಎಚ್‌ಡಿ ಗೈಡು ವೀರಮ್ಮ ಮೇಡಂ. "ಭವ್ಯ, ನಾನು ಎಷ್ಟು ಸಲ ಅಂತ ಆಫೀಸಿನವರಿಗೆ ಹೇಳಲಿ? ಸೋಮವಾರ ಬಂದು ಸಹಿ ಹಾಕು. ಹಾಸ್ಟೆಲಿನಲ್ಲಿ ರೂಮು ಇಡಿಸಿದ್ದೀನಿ. ಇದು ತಪ್ಪಿದರೆ ಸೀಟು ಹೋಯಿತು, ಆಮೇಲೆ ನನ್ನ ಕೈಲಿ ಏನಿಲ್ಲ." "ಬರ್ತೀನಿ ಮೇಡಂ." "ಬರ್ತೀನಿ ಅಂತ ಹೋದ ವರ್ಷವೂ ಅಂದೆ." "ಇಲ್ಲ, ಈ ಸಲ ಬರ್ತೀನಿ." ಮಾತು ತನ್ನ ಬಾಯಿಂದ ಬಂದದ್ದು ಕೇಳಿ ಅವಳಿಗೆ ಆಶ್ಚರ್ಯವಾಯಿತು. ಗೂಡಂಗಡಿಯ ಕನ್ನಡಿಯಲ್ಲಿ ಯಾರೋ ಫೋನು ಹಿಡಿದು ನಿಂತಿದ್ದರು, ಮೂವತ್ತು ದಾಟದ ಮುಖ, ಬರಿ ಹಣೆ.

"ಯಾರವ್ವ?" ಅತ್ತೆ ಕೇಳಿದರು.

"ಮೈಸೂರು ಮೇಡಂ."

"ಓಗ್ಬೇಕಂತಾ?"

ಭವ್ಯ ಫೋನನ್ನು ಚೀಲಕ್ಕೆ ಹಾಕಿದಳು. ಕಂಬದ ಸುಣ್ಣ ಅತ್ತೆಯ ಸೆರಗಿಗೆ ಹತ್ತಿತ್ತು. ಅದನ್ನು ಕೊಡವುತ್ತ, "ನೀ ಓದ್ರೆ ಬೆನ್ನಿಗೆ ಪಟ್ಟಿ ಬಿಗಿಯಕ್ಕೆ ಆ ಪ್ರೇಮನ್ನ ಕರೀಬೇಕು. ಅವ್ಳ ಕೈ ಒರಟು" ಅಂದರು, ಬಸ್ಸಿನ ಬೋರ್ಡು ಓದುವವರಂತೆ ಬೇರೆ ಕಡೆ ನೋಡುತ್ತ.

ಪ್ರೇಮಾ ದಾಯಾದಿಗಳ ಕಡೆಯಿಂದ ಓರಗಿತ್ತಿ, ಪಕ್ಕದ ಮನೆ. ಹಾಲು ತರಲು ಹೋದಾಗ ಭವ್ಯಳಿಗೆ ಕೇಳಿಸುವಂತೆಯೇ ಕಾಲ್ಗುಣದ ಮಾತಾಡಿದವಳು. ಇವಳು ಬಂದು ವರ್ಷ ತುಂಬುವುದರೊಳಗೆ ಅತ್ತೆಯ ಬೆನ್ನು ಮುರಿಯಿತು, ಆಮೇಲೆ ಗಂಡ. ಅತ್ತೆ ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಒಂದು ಸಲ ಮಾತ್ರ, ನೋವು ಜೋರಾದ ದಿನ, ಶಾಖದ ಚೀಲವನ್ನು ಕೈಯಿಂದ ತಳ್ಳಿ, "ನೀ ಯಾವ ಗಳಿಗೇಲಿ ಒಸ್ತಿಲು ದಾಟುದ್ಯೋ" ಎಂದಿದ್ದರು. ಅಂದು ಭವ್ಯಳ ನಾಲಗೆಯ ತುದಿಗೆ ಅದು ಬಂದಿತ್ತು. ನನ್ನ ಕಾಲಲ್ಲ ಅತ್ತೆ, ನಿಮ್ಮ ಬಾಯಿ. ನೆಲಕ್ಕೆ ಚೆಲ್ಲಿದ್ದ ಬಿಸಿನೀರನ್ನು ಒರೆಸುತ್ತ ಅವಳು ಆ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. ಹೇಳಿದರೆ ಮನೆ ಎರಡಾಗುತ್ತದೆ. ಎರಡಾದ ಮನೆಯಿಂದ ಹೊರಗೆ ಹೋಗುವುದು ಸುಲಭ, ಯಾರೂ ತಡೆಯುವುದಿಲ್ಲ.

ಅತ್ತೆ ಶಾಪ ಹಾಕಿದಾಗ ಬಸವೇಶ ಅಲ್ಲೇ ಇದ್ದ. ಆ ಕಡಲ ಊರಿನ ಆಸ್ಪತ್ರೆ, ಬೆನ್ನುಮೂಳೆಯ ಒಂದು ಗೆಣ್ಣು ಕುಸಿದಿದೆ ಎಂದು ಡಾಕ್ಟರು ಹೇಳಿಹೋಗಿದ್ದರು. ಅತ್ತೆ ಮಗನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸೂರು ನೋಡುತ್ತ ಹೇಳಿದರು: "ನನ್ನ ಇಂಗೆ ಕುಕ್ಕುದನಲ್ಲ, ಆ ಕೈ ಮಣ್ಣಾಗ. ಅವನನ್ನ ಎತ್ತವಳ ಒಟ್ಟೆ ಉರ್ದೋಗ. ಮಾದಪ್ಪ ನೋಡ್ಕಳ್ಳಿ." ಬಸವೇಶ ಕೈ ಬಿಡಿಸಿಕೊಳ್ಳಲಿಲ್ಲ. ಭವ್ಯ ಮಂಚದ ಆಚೆ ಬದಿಯಲ್ಲಿ ನಿಂತಿದ್ದಳು. ಆ ಕ್ಷಣದಲ್ಲಿ ಒಂದು ಮಾತು ಸಾಕಿತ್ತು, ಅಯ್ಯೋ ಹಾಗನ್ನಬೇಡಿ ಎಂದರೆ ಸಾಕಿತ್ತು, ಯಾಕೆ ಎಂದು ಕೇಳುವ ಸ್ಥಿತಿಯಲ್ಲೂ ಅತ್ತೆ ಇರಲಿಲ್ಲ. ಅವನು ಅವಳನ್ನು ನೋಡಿದ. ಅವಳು ಅವನನ್ನು ನೋಡಿದಳು. ಇಬ್ಬರಲ್ಲಿ ಯಾರೂ ಅನ್ನಲಿಲ್ಲ. ಭವ್ಯ ಶಾಪವನ್ನು ನಂಬುವವಳಲ್ಲ. ಆದರೆ ಕುಂತೂರಿನಿಂದ ಫೋನು ಬಂದ ಸಂಜೆ ಅವಳಿಗೆ ಮೊದಲು ನೆನಪಾದದ್ದು ಅವನ ಮುಖವಲ್ಲ, ಆ ವಾಕ್ಯದ ವ್ಯಾಕರಣ. ಕೈ ಮಣ್ಣಾಗ. ವಿಧ್ಯರ್ಥ, ಪ್ರಥಮ ಪುರುಷ.

ಹನೂರಿನ ಬಸ್ಸಿನಲ್ಲಿ ಜಾಗ ಸಿಕ್ಕಿದ್ದು ಹಿಂದೆ, ಚಕ್ರದ ಮೇಲೆಯೇ. ಬೇರೆ ಸೀಟಿರಲಿಲ್ಲ. ಒಬ್ಬ ಹುಡುಗಿಯನ್ನು ಎಬ್ಬಿಸಲು ಭವ್ಯ ಬಾಯಿ ತೆರೆದಳು, ಹುಡುಗಿ ಕಿವಿಗೆ ವೈರು ಸಿಕ್ಕಿಸಿಕೊಂಡು ಆಚೆ ತಿರುಗಿದಳು. ಅತ್ತೆ, "ಬುಡು" ಎಂದು ಕೂತರು. ಪ್ರತಿ ಹಂಪಿಗೂ ಅತ್ತೆಯ ಕೈ ಭವ್ಯಳ ತೊಡೆಯನ್ನು ಹಿಡಿಯುತ್ತಿತ್ತು. ಹಿಡಿದದ್ದು ಬಿಡುವುದರೊಳಗೆ ಇನ್ನೊಂದು. ಹಂಪು ಬರುವುದು ಭವ್ಯಳಿಗೆ ಮೊದಲೇ ಮೈಗೆ ತಿಳಿಯುತ್ತಿತ್ತು. ಅವಳು ತನ್ನ ತೋಳನ್ನು ಅತ್ತೆಯ ಕಂಕುಳಲ್ಲಿ ತೂರಿಸಿ, ಇನ್ನೇನು ಚಕ್ರ ಬೀಳುತ್ತದೆ ಅನ್ನುವಾಗ ಅವರನ್ನು ಇಷ್ಟೇ ಇಷ್ಟು ಮೇಲೆತ್ತಿ ಹಿಡಿಯುತ್ತಿದ್ದಳು. ಬೇಗ ಎತ್ತಿದರೆ ಕೈ ಸೋಲುತ್ತದೆ. ತಡವಾದರೆ ಅತ್ತೆ ನರಳುತ್ತಾರೆ. ಕಾಮಗೆರೆ ಕಳೆಯುವ ಹೊತ್ತಿಗೆ ಅವಳ ತೋಳು ಅವಳದಲ್ಲ ಅನ್ನಿಸುವಷ್ಟು ಜೋಮು ಹಿಡಿದಿತ್ತು. ಇದು ಸೋಮವಾರದ ತನಕ, ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯೂ ಜೋಮು ಹಿಡಿದ ಹಾಗೆ ದೂರದಲ್ಲೆಲ್ಲೋ ಇತ್ತು.

ಕಲ್ಲಿಗೆ ಹೋಗೋಣ ಎಂದು ಅತ್ತೆ ಹೇಳಿದ್ದು ಮೊನ್ನೆ, ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ. ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು. "ನಾ ಆವತ್ತು ಬಾಯಿಗ್ ಬಂದಂಗೆ ಅಂದ್ಬುಟ್ಟೆ ಕಣ್ ಭವ್ಯಾ. ಆ ಡ್ರೈವರ್‌ಗೂ ಒಬ್ಳು ತಾಯಿ ಇರಾಕಿಲ್ವಾ? ಒಟ್ಟೆ ಉರಿಯಾದು ಏನು ಅಂತ ನಂಗಾಗ ಗೊತ್ತಿರ್ನಿಲ್ಲ. ಈಗ ಗೊತ್ತು. ಇದು ಬ್ಯಾಡ, ಯಾರಿಗೂ ಬ್ಯಾಡ. ನನ್ ಮಾತು ಅಲ್ಲೆಲ್ಲೋ ಇನ್ನೂ ತಿರುಗ್ತಾ ಅವಳ ಮನೆ ಬಾಕ್ಲು ಉಡುಕ್ತಾ ಇದ್ದದು. ಓಗಿ ತಕಂಡ್ಬುಡದು. ಅವನೆಸರು ನಿಂಗೆ ಗೊತ್ತಲ್ವಾ?" ಎಣ್ಣೆಯ ಕೈ ನಿಂತಿತ್ತು. ಗೊತ್ತು, ಅಂದಿದ್ದಳು ಭವ್ಯ. ಕುಸಿದ ಗೆಣ್ಣು ಬೆರಳಿಗೆ ಸಿಗುತ್ತಿತ್ತು, ಚರ್ಮದ ಕೆಳಗೆ ಒಂದು ಸಣ್ಣ ಮೆಟ್ಟಿಲಿನ ಹಾಗೆ.

ಹನೂರಿನಲ್ಲಿ ಮತ್ತೆ ಬಸ್ಸು ಬದಲಿಸಿ, ಕೌದಳ್ಳಿಯಲ್ಲಿ ಇಳಿದು ಆಟೋ ಹಿಡಿದರು. ಗುಡ್ಡದ ಬುಡದ ಮಣ್ಣುದಾರಿಯಲ್ಲಿ ಅದು ಸ್ವಲ್ಪ ದೂರ ಹೋಗಿ ನಿಂತಿತು. ಆ ಸ್ವಲ್ಪ ದೂರದಲ್ಲಿ ಭವ್ಯ ತೀರ್ಮಾನ ಮಾಡಿದಳು. ರಂಗನಾಯಕ ಎಂದು ಹೇಳುವುದು. ಅದು ಪೂರ್ತಿ ಸುಳ್ಳಲ್ಲ, ಅವನೂ ಅಲ್ಲೇ ಕೂತಿದ್ದ, ಅವನೂ ಬೇಡ ಅನ್ನಬಹುದಾಗಿತ್ತು. ಅತ್ತೆ ಹಗುರಾಗಲಿ. ಹಗುರಾದ ಮೇಲೆ, ವಾಪಸು ಹೋಗುವಾಗ, ಮೈಸೂರಿನ ಮಾತು ತೆಗೆಯುವುದು. ಸೋಮವಾರ. ಮತ್ತೆ ಇನ್ನೊಂದು ಯೋಚನೆಯೂ ಅದರ ಪಕ್ಕದಲ್ಲೇ ಕೂತಿತ್ತು, ಕಿಟಕಿಗೆ ಜಗಳವಾಡುವ ಪ್ರಯಾಣಿಕನ ಹಾಗೆ. ನಿಜವಾದ ಹೆಸರನ್ನೇ ಹೇಳಿಬಿಡು. ಒಂದೇ ಸಲಕ್ಕೆ ಎಲ್ಲ ಮುಗಿಯಲಿ. ರಂಗನಾಯಕ ಎಂದರೆ ಮಾತು ತಪ್ಪು ಮನೆಗೆ ಹೋಗುತ್ತದೆ, ಬಸವೇಶನ ಮೇಲಿನದು ಅವನ ಮೇಲೆಯೇ ಉಳಿಯುತ್ತದೆ, ತೋಟದ ಬದಿಯ ಮಣ್ಣಿನಲ್ಲಿ ಕೂತವನ ಮೇಲೆ. ನಂಬುವವಳಲ್ಲವಲ್ಲ ನೀನು, ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಆಟೋದವನು, "ಇಳೀರವ್ವ" ಅಂದ.

ಕಲ್ಲು ಅಂಥ ದೊಡ್ಡದೇನಲ್ಲ. ಆಲದ ಮರದ ಬುಡದಲ್ಲಿ ಎಮ್ಮೆ ಮಲಗಿದ ಹಾಗಿತ್ತು. ಕೈಯಿಟ್ಟು ಕೈಯಿಟ್ಟು ಒಂದು ಕಡೆ ಎಣ್ಣೆಗಪ್ಪಾಗಿ ನುಣುಪಾಗಿತ್ತು. ಪೂಜೆ ನೋಡಿಕೊಳ್ಳುವ ತಮ್ಮಡಿ ಮಹದೇವು ಮರದ ನೆರಳಿನಲ್ಲಿ ಮೊಬೈಲಿನಲ್ಲಿ ಯಾರದೋ ಜೊತೆ ಹಸುವಿನ ವ್ಯಾಪಾರ ಮಾತಾಡುತ್ತಿದ್ದ. ಇವರನ್ನು ಕಂಡು, "ಆಮ್ಯಾಕೆ ಮಾಡು, ಗಿರಾಕಿ ಬಂದವ್ರೆ" ಎಂದು ಫೋನನ್ನು ಕಿವಿಯಿಂದ ತೆಗೆದ. "ಬನ್ರವ್ವ. ಸಾಪ ಆಕಿದ್ದಾ, ಆಕುಸ್ಕಂಡಿದ್ದಾ?"

"ಆಕಿದ್ದು ಕಣಪ್ಪ."

"ಅಂಗಾದ್ರೆ ಸುಲಭ. ಆಕುಸ್ಕಂಡೋರು ಬಂದ್ರೆ ನಾನೇನೂ ಮಾಡಕ್ಕಾಗಕಿಲ್ಲ. ಅಂದ ಬಾಯೇ ತೆಗೀಬೇಕು. ಈ ನೀರ್ ತಕಳಿ, ಬಾಯಿ ಮುಕ್ಕಳ್ಸಿ. ಉಗೀಬೇಡಿ ಕಲ್ಮ್ಯಾಲೆ, ಆ ಕಡೆ. ಊಂ. ಬಗ್ಗಾಕಾಯ್ತದಾ?"

ಬಗ್ಗುವುದು ಆಗುವುದಿಲ್ಲ. ಭವ್ಯ ಅತ್ತೆಯ ಸೊಂಟ ಹಿಡಿದು, ಅವರ ಭಾರವನ್ನು ತನ್ನ ಮೊಣಕಾಲಿಗೆ ತೆಗೆದುಕೊಂಡು, ಕೈ ಕಲ್ಲಿಗೆ ತಗುಲುವ ತನಕ ನಿಧಾನವಾಗಿ ಇಳಿಸಿದಳು. ಅತ್ತೆಯ ಅಂಗೈ ನುಣುಪಿನ ಮೇಲೆ ಕೂತಿತು.

"ಈಗ ಎಸರು." ಮಹದೇವು ವಿಭೂತಿ ತಟ್ಟೆ ಹಿಡಿದ.

ಅತ್ತೆ ಭವ್ಯಳ ಕಡೆ ನೋಡಿದರು. "ನನ್ ಸೊಸೆಗೆ ಗೊತ್ತು. ಏಳವ್ವ."

"ರಂಗ..." ಎಂದಳು ಭವ್ಯ.

"ಏಯ್, ತಾಳಿ ತಾಳಿ. ಗಂಡಸಿನೆಸರು ಬ್ಯಾಡ ಕಣ್ರವ್ವ." ಮಹದೇವು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡ. "ಇಲ್ಲಿ ಎತ್ತವಳೆಸರು ಏಳ್ಬೇಕು. ಇಂಥೋಳ ಮಗ ಅಂತ. ಯಾರಿಗಂದ್ರೂ ಮೊದ್ಲು ಓಗಿ ಬಡಿಯಾದು ಎತ್ತವಳ್ಗೇ ಅಲ್ವಾ? ಅವನ ತಾಯೆಸರು ಏನು?"

ಆಲದ ಮರದಲ್ಲಿ ಏನೋ ಹಣ್ಣು ಕಚ್ಚಿ ಬೀಳಿಸಿತು. ಭವ್ಯಳ ಬಳಿ ಇದ್ದದ್ದು ಒಂದು ಸುಳ್ಳು, ಅದನ್ನು ಅವಳು ಮೂರು ಬಸ್‌ಸ್ಟಾಂಡು ದಾಟಿದ ಮೇಲೆ ಕಟ್ಟಿ ತಂದಿದ್ದಳು, ಅದು ಇಲ್ಲಿ ನಡೆಯುವುದಿಲ್ಲ ಅನ್ನುತ್ತಿದ್ದಾರೆ. ರಂಗನಾಯಕನ ತಾಯಿ ಯಾರೋ, ಇದ್ದಾರೋ ಇಲ್ಲವೋ. ಯಾವುದಾದರೂ ಹೆಸರು ಹೇಳಬಹುದಿತ್ತು. ಲಕ್ಷ್ಮಿ, ಸರೋಜ, ಊರಿಗೆ ನೂರು ಹೆಸರು. ಅವಳು ಹುಡುಕಿದಳು. ಕೆಳಗೆ ಏನೂ ಇರಲಿಲ್ಲ. ಅತ್ತೆಯ ಭಾರ ಮೊಣಕಾಲಿನ ಮೇಲೆ ಹೆಚ್ಚುತ್ತಿತ್ತು, ಬೇಗನೆ ಹೇಳದಿದ್ದರೆ ಬೀಳುತ್ತಾರೆ.

"ಶಿವರತ್ನಮ್ಮ" ಎಂದಳು.

ಅತ್ತೆಯ ಕತ್ತು ತಿರುಗಿತು. ಅಷ್ಟು ಹತ್ತಿರದಿಂದ ಅವರ ಕಣ್ಣನ್ನು ಭವ್ಯ ಎಂದೂ ನೋಡಿರಲಿಲ್ಲ. ಕಪ್ಪಿನ ಸುತ್ತ ಬೂದಿ ಬಣ್ಣದ ಒಂದು ಬಳೆ.

"ನನ್ನೆಸರೇ?"

"ಹೂಂ."

"ಬೋ ಚೆನ್ನಾಗದೆ" ಎಂದ ಮಹದೇವು. "ಒಂದೇ ಎಸರಿನೋರು. ಅಂಗಾದ್ರೆ ಇನ್ನೂ ಬೇಗ ಮುಟ್ತದೆ. ಅನ್ನಿ: ಶಿವರತ್ನಮ್ಮನ ಮಗನಿಗೆ ಅಂದದ್ದು ತಕಂಡೆ."

ಅತ್ತೆ ಕಲ್ಲನ್ನು ನೋಡಿದರು, ತಮ್ಮ ಕೈಯನ್ನು ನೋಡಿದರು. ಭವ್ಯಳ ಕೈ ಅವರ ಪಕ್ಕೆಯ ಮೇಲಿತ್ತು, ಬೆಲ್ಟಿನ ಮೇಲುಗಡೆ, ಉಸಿರು ಹೋಗುವುದು ಬರುವುದು ಅಲ್ಲಿ ತಿಳಿಯುತ್ತಿತ್ತು. ಅದು ಒಮ್ಮೆ ನಿಂತಿತು. ಆಮೇಲೆ ಬಂತು.

"ಶಿವರತ್ನಮ್ಮನ ಮಗನಿಗೆ ಅಂದದ್ದು ತಕಂಡೆ." ದನಿ ಎಂದಿನದೇ. "ಶಿವರತ್ನಮ್ಮನ ಮಗನಿಗೆ ಅಂದದ್ದು ತಕಂಡೆ. ಅವನ ಕೈ ತಣ್ಣಗಿರ್ಲಿ. ಅವನನ್ನ ಎತ್ತವಳ ಒಟ್ಟೆ ತಣ್ಣಗಿರ್ಲಿ."

ಮಹದೇವು ಇಬ್ಬರ ಹಣೆಗೂ ವಿಭೂತಿ ಬಳಿದು, ತಟ್ಟೆ ಕೆಳಗಿಟ್ಟು, ಫೋನು ಕಿವಿಗಿಟ್ಟುಕೊಂಡು ಮರದ ಆಚೆ ಹೋದ. "ಅಲ್ಲ ಕಣ್ಲಾ, ಆಲು ಕೊಡದೆ ಇರೋ ಅಸೂಗೆ ಅಷ್ಟು ಕೇಳ್ತಾ ಇದ್ದಿಯಲ್ಲ" ಅನ್ನುವುದು ಕೇಳಿಸಿತು. ಭವ್ಯ ಅತ್ತೆಯನ್ನು ಎಬ್ಬಿಸಲು ತೋಳಿಗೆ ಕೈ ಹಾಕಿದಳು. ಅತ್ತೆ ಏಳಲಿಲ್ಲ. ಕಲ್ಲಿನ ಮೇಲಿನ ಕೈ ಹಾಗೇ ಇತ್ತು.

"ಅವಳು ಬದುಕವ್ಳಾ? ಆ ಶಿವರತ್ನಮ್ಮ."

"ಇದ್ದಾರೆ."

"ಅವಳ್ಗೂ ಒಬ್ನೇ ಮಗನಾ?"

"ಒಬ್ಬನೇ."

ಅತ್ತೆ ತಲೆಯಾಡಿಸಿದರು. ಗಾಳಿಗೆ ಅವರ ಹಣೆಯ ವಿಭೂತಿ ಸ್ವಲ್ಪ ಉದುರಿ ರೆಪ್ಪೆಯ ಮೇಲೆ ಕೂತಿತು. ಅದನ್ನು ಅವರು ಒರೆಸಿಕೊಳ್ಳಲಿಲ್ಲ. ದಾರಿಯಲ್ಲಿ ಆಟೋದವನು ಒಮ್ಮೆ ಹಾರನ್ನು ಒತ್ತಿದ.

"ಸೊಸೆ ಅವ್ಳಾ?"

"ಇದ್ದಾಳೆ."

"ನೋಡ್ಕತಾಳಾ?"

ಪ್ರಶ್ನೆ ಕೇಳಿದವರು ಅವಳನ್ನು ನೋಡುತ್ತಿರಲಿಲ್ಲ. ಕಲ್ಲನ್ನು ನೋಡುತ್ತಿದ್ದರು. ಭವ್ಯ ಬಾಯಿ ತೆರೆದಳು. ಮೈಸೂರು, ಸಹಿ, ಹಾಸ್ಟೆಲಿನ ರೂಮು, ಎಲ್ಲವೂ ಅಲ್ಲಿದ್ದವು, ಒಂದೊಂದನ್ನೂ ಸ್ಪಷ್ಟವಾಗಿ ಕಂಡಳು, ಎತ್ತರದಿಂದ ನೋಡಿದ ಹಾಗೆ. ಅವು ಚಿಕ್ಕದಾಗುತ್ತಿದ್ದವೋ ದೊಡ್ಡದಾಗುತ್ತಿದ್ದವೋ ಅವಳಿಗೆ ತಿಳಿಯಲಿಲ್ಲ.

"ನೋಡ್ಕೊಳ್ತಾಳೆ" ಎಂದಳು.

"ಊಂ" ಎಂದು ಅತ್ತೆ ಕೈ ಚಾಚಿದರು. ಭವ್ಯ ಅವರ ಕಂಕುಳಲ್ಲಿ ತೋಳು ತೂರಿಸಿ ಎತ್ತಿ ನಿಲ್ಲಿಸಿದಳು.